ಕಡೆಯ ಸೂಜಿ

ಹುಮನಾಬಾದಿನ ನನ್ನ ದವಾಖಾನೆಗೆ ಆ ಮುದುಕಿಯನ್ನು ಕರೆತಂದದ್ದು ಮಲಬದ್ಧತೆಗೆಂದು. ಮರೆವಿನ ಬಗ್ಗೆ ಮನೆಯವರು ಆಸೆ ಬಿಟ್ಟಾಗಿತ್ತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ, ಮೆದುಳು ವಯಸ್ಸಿಗೆ ತಕ್ಕಂತೆ ಕುಗ್ಗಿದೆ ಎಂದು ಹೇಳಿಸಿಕೊಂಡು, ನೆನಪಿನ ಗುಳಿಗೆ ಬರೆಸಿಕೊಂಡು ಬಂದಿದ್ದರು. ಇನ್ನು ಹೀಗೇ ಎಂದು ಮಗ ಒಪ್ಪಿಕೊಂಡುಬಿಟ್ಟಿದ್ದ. ಹೊಟ್ಟೆ ಸಾಫಾದರೆ ಸಾಕು, ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದ.

ಬಸವಕಲ್ಯಾಣದಲ್ಲಿ ಅವರದು ಭಾಂಡೆ-ಪಾತ್ರೆಗಳ ಅಂಗಡಿ. ಗಂಡ ಸತ್ತ ಮೇಲೆ ಮುದುಕಿಯೇ ಗಾದಿಯ ಮೇಲೆ ಕುಳಿತು ತಾಮ್ರ, ಹಿತ್ತಾಳೆ, ಸ್ಟೀಲು ಎಲ್ಲದರ ವ್ಯಾಪಾರ ನಡೆಸಿದವಳು. ಮದುವೆ ಸಾಮಾನಿಗೆಂದು ಸುತ್ತಲ ಹಳ್ಳಿಗಳವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಈಗ ಅವಳು ನನ್ನ ಮೇಜಿನ ಎದುರು ಕುಳಿತು ಮಗನನ್ನು ತೋರಿಸಿ, ಈತ ಯಾರ ಕಡೆಯವನು ಎಂದು ನನ್ನನ್ನೇ ಕೇಳಿದಳು.

ಮಾತಾಡಿದವಳು ಸೊಸೆ.

“ಮೇಡಮ್ರಿ, ನಮ್ಮತ್ತಿ ಮುಂಜಾನಿ ಒಂದು ಥರಾ ಇರ್ತಾರ, ಸಂಜಿಮುಂದ ಒಂದು ಥರಾ. ನೀರಂತೂ ಕುಡದೇ ಕುಡಿತಾರ. ಕೊಡ ಖಾಲಿ ಆಗ್ತದ.”

ಈ ಎರಡು ಮಾತು ನನ್ನ ಕಿವಿಗೆ ಬಿದ್ದದ್ದೇ ನಾನು ಮಲಬದ್ಧತೆಯ ಔಷಧಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಮುಪ್ಪಿನ ಮರೆವು ವರ್ಷಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಇಳಿಯುತ್ತದೆ. ಅದು ಒಂದೇ ದಿನದಲ್ಲಿ ಏರಿ ಇಳಿಯುವುದಿಲ್ಲ, ನೀರಡಿಕೆಯನ್ನೂ ತರುವುದಿಲ್ಲ. ಮುದುಕಿಗೆ ವಾರದ ದಿನಗಳನ್ನು ಕೊನೆಯಿಂದ ಹಿಂದಕ್ಕೆ ಹೇಳು ಎಂದೆ. ಐತವಾರ ಅಂದಳು, ಶನಿವಾರ ಅಂದಳು, ಆಮೇಲೆ ಗೋಡೆಯ ಮೇಲಿನ ಫ್ಯಾನಿನ ಗುಂಡಿ ನೋಡುತ್ತ ಕುಳಿತುಬಿಟ್ಟಳು. ಅವಳಿಗೆ ದಿನಗಳು ಮರೆತಿರಲಿಲ್ಲ. ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ, ಅಷ್ಟೆ. ಹೀಗೆ ಗಮನ ಜಾರುತ್ತಿದ್ದರೆ ತೊಂದರೆ ಮೆದುಳಿನ ಹೊರಗಿನಿಂದ ಬರುತ್ತಿದೆ ಎಂದು ಅನುಮಾನಿಸಬೇಕು: ರಕ್ತದ ಉಪ್ಪು, ಸೋಂಕು, ಔಷಧಿ, ವಿಷ. ನಾಲಿಗೆ ಮುಟ್ಟಿ ನೋಡಿದೆ. ಅಷ್ಟು ನೀರು ಕುಡಿದರೂ ಒಣಗಿ ಹೋಗಿತ್ತು.

ಭರ್ತಿ ಮಾಡಿಕೊಂಡೆ. ಸಕ್ಕರೆ ಸರಿಯಿತ್ತು. ಸೋಡಿಯಂ ಸರಿಯಿತ್ತು. ಥೈರಾಯ್ಡ್, ಬಿ-ಹನ್ನೆರಡು ಎಲ್ಲ ಸರಿ. ಮೂತ್ರಪಿಂಡ ಮಾತ್ರ ಬಳಲಿತ್ತು, ಅದಕ್ಕೆ ಕಾರಣ ಕಾಣುತ್ತಿರಲಿಲ್ಲ. ಇಸಿಜಿ ತೆಗೆದಾಗ ಒಂದು ಸುಳಿವು ಸಿಕ್ಕಿತು. ಅಲೆ ಎದ್ದು ಮತ್ತೆ ಸಮತಟ್ಟಾಗಲು ಬೇಕಾದ ಹೊತ್ತು ಕುಗ್ಗಿತ್ತು. ರಕ್ತದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾದಾಗ ಹಾಗಾಗುತ್ತದೆ. ನಮ್ಮ ಮಾಮೂಲಿ ಪರೀಕ್ಷೆಗಳಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಬೇರೆಯಾಗಿ ಮಾಡಿಸಿದೆ. ಬಂದ ಸಂಖ್ಯೆ ನೋಡಿ ನಂಬಲಾಗದೆ, ಸಂಖ್ಯೆ ಸುಳ್ಳೇ ಏರದಿರಲೆಂದು ತೋಳಿಗೆ ಪಟ್ಟಿ ಬಿಗಿಯದೆ ಮತ್ತೊಮ್ಮೆ ರಕ್ತ ತೆಗೆದು ಕಳಿಸಿದೆ. ಎರಡನೇ ಸಲವೂ ಅಷ್ಟೇ. ಇರಬೇಕಾದದ್ದಕ್ಕಿಂತ ಅರ್ಧದಷ್ಟು ಹೆಚ್ಚು. ನೀರಡಿಕೆ, ಮಲಬದ್ಧತೆ, ಬಳಲಿದ ಮೂತ್ರಪಿಂಡ, ಜಾರುವ ಮನಸ್ಸು, ಎಲ್ಲಕ್ಕೂ ಅದೊಂದೇ ಕಾರಣ ಸಾಕಾಗುತ್ತಿತ್ತು.

ಆದರೆ ಸುಣ್ಣ ಎಲ್ಲಿಂದ ಬಂತು? ಕ್ಯಾಲ್ಸಿಯಂ ಗುಳಿಗೆ ತಿನ್ನುತ್ತಾಳೆಯೇ ಎಂದು ಕೇಳಿದೆ, ಆಗೊಮ್ಮೆ ಈಗೊಮ್ಮೆ ಎಂದರು. ಬೇರೆ ಔಷಧಿ? ನೆನಪಿನ ಗುಳಿಗೆ ಬಿಟ್ಟರೆ ಏನೂ ಇಲ್ಲ ಎಂದು ಮಗ ಖಂಡಿತವಾಗಿ ಹೇಳಿದ. ಮರುದಿನ ಬೆಳಿಗ್ಗೆ ಎನಿಮಾ ಕೊಡಲು ಮುದುಕಿಯನ್ನು ಮಗ್ಗುಲಾಗಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಸೊಂಟದ ಕೆಳಗೆ ಚರ್ಮದಡಿ ಗಂಟುಗಳು ಕೈಗೆ ಸಿಕ್ಕವು. ಗಟ್ಟಿಯಾಗಿ, ತೊಗರಿಕಾಳಿನಷ್ಟು ಕೆಲವು, ಅಡಿಕೆಯಷ್ಟು ಕೆಲವು. ಎರಡೂ ಕಡೆ. ಎಣ್ಣೆಯಲ್ಲಿ ಕಲಸಿದ ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟರೆ ಹಾಗೆ ಗಂಟು ಕಟ್ಟುತ್ತದೆ.

ಸೊಸೆಯನ್ನು ಕರೆದು ಮುಟ್ಟಿಸಿದೆ.

“ಇದಾ? ಇದು ತಾಕತ್ತಿನ ಸೂಜಿರಿ. ಮೊಣಕಾಲ ನೋವಿಗಿ ಕಲ್ಯಾಣದಾಗ ಎಲುಬಿನ ಡಾಕ್ಟರ ಬಲ್ಲಿ ವಾರಕ್ಕೊಂದು ಕೊಡಸ್ತೀವಲ್ಲ. ಔಷಧ ಅಲ್ರಿ ಅದು, ವಿಟಮಿನ್ ಅಂತ ಅವ್ರೇ ಹೇಳ್ಯಾರ.”

ಯಾವ ಎಲುಬಿನ ಡಾಕ್ಟರು ಎಂದು ಕೇಳಿದೆ. ಹೆಸರು ಹೇಳಿದಳು.

ಆಗ ನನಗಾದದ್ದು ಮರುಕವಲ್ಲ. ಖುಷಿ. ಒಳಗೆಲ್ಲೋ ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದ ಹಾಗಾಯಿತು. ಇದನ್ನು ಬರೆಯದೆ ಹೋದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಓದು ಮುಗಿಸಿದ ಹೊಸತರಲ್ಲಿ ನಾನು ಆ ಎಲುಬಿನ ಡಾಕ್ಟರ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದೆ. ತೊಡೆಯೆಲುಬಿನ ಶಸ್ತ್ರಚಿಕಿತ್ಸೆಯಾದ ವೃದ್ಧರೊಬ್ಬರು ನೋವಿನ ಔಷಧಿಗೆ ಮಂಪರಾಗುತ್ತಿದ್ದಾರೆ, ನಿಲ್ಲಿಸೋಣ ಎಂದು ನಾನು ಹೇಳಿದ್ದೆ. ಅವರು ಮುಂದುವರಿಸಿದರು. ವೃದ್ಧರು ತೀರಿಕೊಂಡಾಗ ಬಂಧುಗಳು ಕೂಗಾಡುತ್ತ ಆವರಣದಲ್ಲಿ ಸೇರಿದರು. ಡಾಕ್ಟರ್ ಸಾಹೇಬರು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ಬೊಟ್ಟು ಮಾಡಿ, ಔಷಧಿ ಕೊಟ್ಟವಳು ಈ ಹುಡುಗಿ ಎಂದರು. ಚಪ್ಪಲಿ ತೂರಿಬಂತು. ಭುಜಕ್ಕೆ ಬಡಿಯಿತು. ಅವರು ನೋಡುತ್ತ ನಿಂತಿದ್ದರು. ಅದಾದ ಮೇಲೆ ನಾನು ಬಸವಕಲ್ಯಾಣ ಬಿಟ್ಟು ಹುಮನಾಬಾದಿಗೆ ಬಂದೆ. ಮದುವೆ ಮುಂಜಿಗೂ ಆ ಊರಿಗೆ ಕಾಲಿಟ್ಟಿಲ್ಲ.

ಹಾಗಾಗಿ ಹೆಸರು ಕೇಳಿದ ಕೂಡಲೇ ನನಗೆ ರೋಗ ನಿರ್ಣಯ ಮುಗಿದುಹೋಗಿತ್ತು. ಅದೇ ಅಪಾಯ. ಅಪರಾಧಿ ಅವರೇ ಆಗಿರಲಿ ಎಂದು ಬಯಸುವ ವೈದ್ಯೆ ಉಳಿದ ಕಾರಣಗಳನ್ನು ಸರಿಯಾಗಿ ಹುಡುಕುವುದಿಲ್ಲ. ಈ ವಯಸ್ಸಿನಲ್ಲಿ ಸುಣ್ಣ ಏರಿದರೆ ಮೊದಲು ಹುಡುಕಬೇಕಾದದ್ದು ಕ್ಯಾನ್ಸರ್. ಆಮೇಲೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ, ಆಮೇಲೆ ಕ್ಷಯ. ನಾನು ಹಟ ಹಿಡಿದು ಎಲ್ಲವನ್ನೂ ಮಾಡಿಸಿದೆ. ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನು, ಮೂಳೆಮಜ್ಜೆಯ ಕ್ಯಾನ್ಸರಿಗಾಗಿ ರಕ್ತದ ಪ್ರೋಟೀನ್ ಪರೀಕ್ಷೆ. ಐಸ್ ಡಬ್ಬಿಯಲ್ಲಿ ರಕ್ತವಿಟ್ಟು ಹೆದ್ದಾರಿಯ ಬಸ್ಸಿನಲ್ಲಿ ಹೈದರಾಬಾದಿನ ಲ್ಯಾಬಿಗೆ ಕಳಿಸಿದೆ. ಅವರನ್ನು ಹಿಡಿಯುವುದಾದರೆ ಕೈ ಜಾರದಂತೆ ಹಿಡಿಯಬೇಕಿತ್ತು.

ಎಲ್ಲ ಬಂತು. ಕ್ಯಾನ್ಸರಿಲ್ಲ, ಕ್ಷಯವಿಲ್ಲ. ಕುತ್ತಿಗೆಯ ಗ್ರಂಥಿ ಸುಣ್ಣದ ಹೊರೆಗೆ ತನ್ನ ಕೆಲಸವನ್ನೇ ನಿಲ್ಲಿಸಿತ್ತು, ಅಂದರೆ ತಪ್ಪು ಅದರದ್ದಲ್ಲ. ಸುಣ್ಣವನ್ನು ರಕ್ತಕ್ಕೆ ಸೆಳೆಯುವ ವಿಟಮಿನ್ ಡಿ ಎಷ್ಟಿದೆ ಎಂಬ ಜಾಗದಲ್ಲಿ ಸಂಖ್ಯೆಯೇ ಇರಲಿಲ್ಲ. ಯಂತ್ರದ ಅಳತೆಗೆ ಮೀರಿದೆ ಎಂದು ಬರೆದಿದ್ದರು. ಕೊರತೆಯಿದ್ದವರಿಗೂ ಒಮ್ಮೆ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾದ ಸೂಜಿಯನ್ನು ಅವರು ವಾರವಾರ ಚುಚ್ಚಿದ್ದರು.

ಚಿಕಿತ್ಸೆ ಶುರುವಾಗಿಯೇ ಇತ್ತು. ಎದೆಯಲ್ಲಿ ನೀರು ತುಂಬದಂತೆ ದಿನಕ್ಕೆ ಹಲವು ಸಲ ಕಿವಿಗೊಟ್ಟು ಕೇಳುತ್ತ ಸಲೈನ್ ಹರಿಸಿದೆವು. ಸುಣ್ಣವನ್ನು ಎಲುಬಿನಲ್ಲೇ ತಡೆಹಿಡಿಯುವ ಔಷಧಿಯನ್ನು, ಮೂತ್ರಪಿಂಡದ ಸ್ಥಿತಿ ನೋಡಿ, ಕಡಿಮೆ ಪ್ರಮಾಣದಲ್ಲಿ ಬಹಳ ನಿಧಾನವಾಗಿ ಕೊಟ್ಟೆವು. ಜೊತೆಗೆ ಸ್ಟೀರಾಯ್ಡ್ ಗುಳಿಗೆ. ಹಾಲು, ಮೊಸರು, ಎಳ್ಳಿನ ಚಟ್ನಿ ಬಂದ್. ಬಿಸಿಲಿಗೆ ಕೂರಿಸಬೇಡಿ ಎಂದೆ. ವಿಟಮಿನ್ ಡಿ ಮೈಯ ಕೊಬ್ಬಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಒಸರುತ್ತದೆ. ಬೇಗ ಮುಗಿಯುವ ಕೆಲಸವಲ್ಲ.

ಸುಣ್ಣ ಇಳಿದಂತೆ ಮುದುಕಿ ಮೇಲೆ ಬಂದಳು. ಮೊದಲು ಸೊಸೆಯನ್ನು ಹೆಸರು ಹಿಡಿದು ಕರೆದಳು. ಆಮೇಲೆ ನಮ್ಮ ದವಾಖಾನೆಯ ಸ್ಟೀಲ್ ಟ್ರೇಯನ್ನು ಉಗುರಿನಿಂದ ತಟ್ಟಿ ನೋಡಿ, ಹಗುರ ಮಾಲು, ಮೋಸ ಹೋಗಿದ್ದೀರಿ ಎಂದು ನನಗೆ ಹೇಳಿದಳು. ನಾವೆಲ್ಲ ನಕ್ಕೆವು. ಮಗ ಹೊರಗೆ ಹೋಗಿ ಕಣ್ಣು ಒರೆಸಿಕೊಂಡ.

ಮರುದಿನ ರೌಂಡ್ಸಿಗೆ ಹೋದಾಗ ಅವಳು ಸೊಸೆಯನ್ನು ಕೇಳುತ್ತಿದ್ದಳು, ಕೊಡಂಬಲದಿಂದ ತಂಗಿ ಯಾಕೆ ನೋಡಲು ಬಂದಿಲ್ಲ ಎಂದು. ಅಕ್ಕನಿಗೆ ನೆಗಡಿಯಾದರೂ ಬಸ್ಸು ಹತ್ತಿ ಬರುವ ತಂಗಿಯಂತೆ. ಸೊಸೆ ನನ್ನ ಮುಖ ನೋಡಿದಳು. ನನಗೇನೂ ಗೊತ್ತಿರಲಿಲ್ಲ.

“ಅತ್ತಿ, ಸಣ್ಣತ್ತಿ ತೀರಿಕೊಂಡ್ರಲ್ಲ. ಶಿವರಾತ್ರಿ ಮುಂದ.”

ಮುದುಕಿ ಎದ್ದು ಕೂತಳು.

“ನಾ ಹೋಗಿದ್ನಾ ಮಣ್ಣಿಗಿ?”

“ಹೋಗಿದ್ರಿ. ನಾವೇ ಕರಕೊಂಡು ಹೋಗಿದ್ದೆವು.”

“ಅತ್ತಿದ್ನಾ?”

ಸೊಸೆ ನೀರು ತರುತ್ತೇನೆಂದು ಎದ್ದು ಹೋದಳು. ನಡೆದದ್ದನ್ನು ಆಮೇಲೆ ವರಾಂಡದಲ್ಲಿ ನನಗೆ ಹೇಳಿದಳು, ಕೆಲವು ದಿನಗಳ ನಂತರ ಅತ್ತೆಗೂ ಹೇಳಬೇಕಾಯಿತು. ತಂಗಿಯ ದೇಹವನ್ನು ವಿಭೂತಿ ಹಚ್ಚಿ, ಹೂವು ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುದುಕಿ ಅದನ್ನು ನೋಡಿ, ಈಕೆ ಯಾಕೆ ನನ್ನ ಜಾಗದಲ್ಲಿ ಕುಂತಿದ್ದಾಳೆ, ಎಬ್ಬಿಸಿ ಎಂದು ಗದರಿಸಿ, ನಕ್ಕು, ಊಟ ಹಾಕಿರೆಂದು ಕೂತುಬಿಟ್ಟಳಂತೆ. ತುಂಬಿದ ಮನೆಯಲ್ಲಿ ತಂಗಿಯ ಮಗ ಅವಳ ರಟ್ಟೆ ಹಿಡಿದು ಹೊರಗೆ ಹಾಕಿದ. ಅಂದಿನಿಂದ ಹೋಗಿ ಬರುವುದು ನಿಂತಿತ್ತು. ಅಕ್ಕನಿಗೆ ತಂಗಿಯ ಮೇಲೆ ಒಳಗೆ ಎಂಥ ಹೊಟ್ಟೆಕಿಚ್ಚಿತ್ತೋ, ಹುಚ್ಚಿನಲ್ಲಿ ಹೊರಬಂತು ಎಂದು ಊರು ಆಡಿಕೊಂಡಿತು.

ಅವಳನ್ನು ಮನೆಗೆ ಕಳಿಸುವ ಮೊದಲು ನಾನು ಎಲುಬಿನ ಡಾಕ್ಟರಿಗೆ ಫೋನ್ ಮಾಡಿದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಮಾತು. ವರದಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಇನ್ನೊಂದು ಸೂಜಿ ಬಿದ್ದರೆ ಮುದುಕಿ ಮತ್ತೆ ಕೆಡುತ್ತಾಳೆ ಎಂದೆ. ಅವರು ಕೇಳಿಸಿಕೊಂಡು ನಕ್ಕರು.

“ವಿಟಮಿನ್ ಅದಮ್ಮಾ ಅದು, ವಿಷ ಅಲ್ಲ. ನೀ ಇನ್ನಾ ಹಂಗೇ ಇದ್ದಿ ನೋಡು.”

ಫೋನ್ ಇಟ್ಟೆ. ಮನೆಯವರಿಗೆ, ಯಾವ ಸೂಜಿಯೂ ಬೇಡ, ಯಾರಾದರೂ ಕೊಟ್ಟರೆ ಔಷಧಿಯ ಖಾಲಿ ಗಾಜಿನ ಶೀಶೆಯನ್ನು ನನಗೆ ತಂದುಕೊಡಿ ಎಂದು ಹೇಳಿದೆ.

ಒಂದು ತಿಂಗಳು ಚೆನ್ನಾಗಿತ್ತು. ಆಮೇಲೊಂದು ದಿನ ಮಗ ಅವಳನ್ನು ಹೊತ್ತುಕೊಂಡು ಬಂದ. ಮುದುಕಿ ಮತ್ತೆ ಗೋಡೆಯ ಜೊತೆ ಮಾತಾಡುತ್ತಿದ್ದಳು. ಕ್ಯಾಲ್ಸಿಯಂ ಹಳೆಯ ಎತ್ತರಕ್ಕೇ ಏರಿತ್ತು. ಮೊಣಕಾಲು ನೋವು ತಾಳದೆ ಅವಳು ನರಳಿದಾಗ ಮಗ ಹಳೆಯ ಡಾಕ್ಟರ ಹತ್ತಿರವೇ ಕರೆದೊಯ್ದಿದ್ದ. ಹುಮನಾಬಾದಿನ ಮೇಡಂ ಆ ಸೂಜಿ ಬೇಡ ಅಂದಿದ್ದಾರೆ ಎಂದು ಹೇಳಿಯೂ ಇದ್ದ. ಇದು ಬೇರೆ ಸೂಜಿ, ನೋವಿನದು ಎಂದರಂತೆ ಅವರು. ಆದರೆ ಜೊತೆಗೆ ಹೋಗಿದ್ದ ಸೊಸೆ ಸುಮ್ಮನಿರಲಿಲ್ಲ. ಕಂಪೌಂಡರ್ ಬುಟ್ಟಿಗೆ ಎಸೆದ ಗಾಜನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ತಂದಿದ್ದಳು. ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ಅದೇ ವಿಟಮಿನ್, ಅದೇ ಪ್ರಮಾಣ.

ನಾನು ಆ ಗಾಜನ್ನು ಹಿಡಿದುಕೊಂಡು ಕುಳಿತೆ. ಅವರಿಗೆ ಮುದುಕಿಯ ಮೇಲೆ ಹಗೆಯಿರಲಿಲ್ಲ. ಬೇಡವೆಂದು ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ ಚುಚ್ಚಿದ್ದರು. ಆ ಹುಡುಗಿ ನನಗೆ ಬುದ್ಧಿ ಹೇಳುವುದೇ ಎಂದು. ಅಂದು ಮೆಟ್ಟಿಲ ಮೇಲಿಂದ ಬೊಟ್ಟು ಮಾಡಿದ ಕೈಯೇ ಇಂದು ಸೂಜಿ ಒತ್ತಿತ್ತು.

ಎರಡನೇ ಸಲದ ಚೇತರಿಕೆ ನಿಧಾನವಾಯಿತು. ಮೂತ್ರಪಿಂಡ ಪೂರ್ತಿ ಹಿಂದಿರುಗಲಿಲ್ಲ, ಇನ್ನು ಹಿಂದಿರುಗುವುದೂ ಇಲ್ಲ. ಆ ದಿನಗಳಲ್ಲಿ ವೈದ್ಯಕೀಯ ಪರಿಷತ್ತಿಗೆ ದೂರು ಬರೆದು, ಎಲ್ಲ ವರದಿಗಳನ್ನೂ ಗಾಜಿನ ಚಿತ್ರವನ್ನೂ ಸೇರಿಸಿ ಕಳಿಸಿದೆ. ಅಂಥ ದೂರು ಎಷ್ಟು ನಿಧಾನವಾಗಿ ನಡೆಯುತ್ತದೆಂದು ಗೊತ್ತಿತ್ತು.

ಮನಸ್ಸು ತಿಳಿಯಾದ ಮೇಲೆ ಒಂದು ಮಧ್ಯಾಹ್ನ ಮುದುಕಿ, ತನಗೆ ಏನಾಗಿತ್ತೆಂದು ಸರಿಯಾಗಿ ಹೇಳು ಎಂದಳು. ನಮ್ಮಲ್ಲೊಂದು ರೂಢಿಯಿದೆ. ಇನ್ನೊಬ್ಬ ವೈದ್ಯರ ತಪ್ಪನ್ನು ರೋಗಿಯ ಮುಂದೆ ಹೆಸರು ಹಿಡಿದು ಹೇಳುವುದಿಲ್ಲ. ಔಷಧಿ ಹೆಚ್ಚಾಗಿತ್ತು ಎಂದು ತೇಲಿಸಿ ಮುಗಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಯಾರು, ಏನು, ಎಷ್ಟು ಸಲ, ಅದರಿಂದ ತಲೆಗೆ ಏನಾಯಿತು, ತಂಗಿಯ ಮಣ್ಣಿನ ದಿನ ಅವಳ ರಕ್ತದಲ್ಲಿ ಏನಿದ್ದಿರಬೇಕು, ಎಲ್ಲ ಬಿಡಿಸಿ ಹೇಳಿದೆ. ಅವಳ ಹಕ್ಕೆಂದು ಹೇಳಿದೆನೇ, ನನ್ನ ಸಿಟ್ಟಿಗೆ ಹೇಳಿದೆನೇ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತೇನೆ. ಸಿಟ್ಟಿನ ಪಾಲು ದೊಡ್ಡದಿತ್ತು. ನನ್ನ ಹಳೆಯ ಕಥೆ ಮಾತ್ರ ಅವಳಿಗೆ ಹೇಳಲಿಲ್ಲ.

ಅವಳು ಕೊನೆಯತನಕ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ಅಂವಗ ಗೊತ್ತಿತ್ತೇನು?”

“ಮೊದಲಿನವು ಕೊಡೋವಾಗ ಗೊತ್ತಿರಲಿಲ್ಲ ಆಯಿ. ಕಡೀದು ಕೊಡೋವಾಗ ಗೊತ್ತಿತ್ತು. ನಾನೇ ಫೋನ್ ಮಾಡಿ ಹೇಳಿದ್ದೆ.”

“ಹಂಗಾದ್ರ ಮೊದಲಿನವು ಬಿಟ್ಟೆ,” ಎಂದಳು. “ಕಡೀದು ಬಿಡೂದಿಲ್ಲ.”

ಮನೆಗೆ ಹೋದ ಮೇಲೆ ಅವಳು ಏನು ಮಾಡುತ್ತಿದ್ದಾಳೆಂದು ನನಗೆ ತಿಳಿದದ್ದು ಚಿಟಗುಪ್ಪ ಕಡೆಯ ರೈತರೊಬ್ಬರಿಂದ. ಮೊಣಕಾಲು ನೋವಿನವರು. ಬಂದವರೇ, ನನ್ನ ಕ್ಯಾಲ್ಸಿಯಂ ನೋಡಿ ಎಂದರು. ಯಾರು ಹೇಳಿದರು ಎಂದು ಕೇಳಿದೆ. ಕಲ್ಯಾಣದ ಎಲುಬಿನ ದವಾಖಾನೆಯಲ್ಲಿ ರೋಗಿಗಳು ಕೂತು ಕಾಯುವ ಬಾಕಿನ ಮೇಲೆ ಒಬ್ಬ ಮುದುಕಿ ಕೂತಿರುತ್ತಾಳೆ, ಬಂದವರನ್ನೆಲ್ಲ ವಿಚಾರಿಸುತ್ತಾಳೆ ಎಂದರು. ಸೂಜಿ ಎಷ್ಟಾಗಿವೆ, ನೀರಡಿಕೆ ಹೆಚ್ಚಾಗಿದೆಯೇ, ಬಯಲಕಡೆಗೆ ಸಲೀಸಾಗಿ ಹೋಗುತ್ತೀರೇ, ಮನೆಯವರ ಹೆಸರು ನೆನಪಿದೆಯೇ? ನಾನು ಅವಳಿಗೆ ಕೇಳಿದ ಪ್ರಶ್ನೆಗಳನ್ನೇ ಅದೇ ಸಾಲಿನಲ್ಲಿ ಕೇಳುತ್ತಿದ್ದಳು. ಆಮೇಲೆ ತನ್ನ ಕಥೆ ಹೇಳುತ್ತಿದ್ದಳು, ತಂಗಿಯ ಹೆಣದ ಮುಂದೆ ನಕ್ಕದ್ದನ್ನೂ ಬಿಡದೆ. ಕಂಪೌಂಡರ್ ಎಬ್ಬಿಸಲು ಬಂದರೆ, ಸೊಂಟದ ಗಂಟು ಇಲ್ಲೇ ತೋರಿಸಲೇ ಎಂದು ಸೀರೆಗೆ ಕೈ ಹಾಕುತ್ತಿದ್ದಳಂತೆ. ಅವನು ಹಿಂದೆ ಸರಿಯುತ್ತಿದ್ದ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಬಂದು, ಮುಚ್ಚುವಾಗ ಎದ್ದು ಹೋಗುತ್ತಿದ್ದಳು. ಅಂಗಡಿಯಲ್ಲಿ ಹೇಗೆ ಕೂರುತ್ತಿದ್ದಳೋ ಹಾಗೆ.

ಆ ರೈತರ ಕ್ಯಾಲ್ಸಿಯಂ ಸರಿಯಿತ್ತು. ಅವಳು ಕಳಿಸಿದ ಉಳಿದವರಲ್ಲಿ ಕೆಲವರದು ಸರಿಯಿರಲಿಲ್ಲ. ಒಬ್ಬ ನಿವೃತ್ತ ಮಾಸ್ತರರನ್ನು ಮನೆಯವರು ಅರಳುಮರಳು ಎಂದು ಒಳಗೆ ಕೂರಿಸಿದ್ದರು. ಅವರ ವರದಿಗಳನ್ನೂ ದೂರಿಗೆ ಸೇರಿಸಿದೆ. ಪರಿಷತ್ತು ಎಲುಬಿನ ಡಾಕ್ಟರಿಂದ ವಿವರಣೆ ಕೇಳಿತು. ಬಾಕಿನ ಮೇಲೆ ಮುದುಕಿಯೊಬ್ಬಳೇ ಉಳಿಯುವ ದಿನಗಳು ಬಂದವು.

ಆಗ ಅವರು ಹುಮನಾಬಾದಿಗೆ ಬಂದರು. ನನ್ನ ರೋಗಿಗಳ ಸಾಲಿನಲ್ಲಿ ಕೂತು ಕಾದರು. ನಾನು ಅವರ ಸರದಿ ಬರುವ ತನಕ ಕರೆಯಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದೂರು ಹಿಂದಕ್ಕೆ ತೆಗೆದುಕೊ, ಮುದುಕಿಯನ್ನು ಎಬ್ಬಿಸು, ಹಳೆಯದೆಲ್ಲ ಮರೆತುಬಿಡೋಣ ಎಂದರು. ಹಳೆಯದು ಎಂದದ್ದು ಅಷ್ಟೇ. ಏನು ಹಳೆಯದು ಎಂದು ಅವರ ಬಾಯಿಂದ ಬರಲಿಲ್ಲ. ದೂರು ಹಿಂದಕ್ಕೆ ಬರುವುದಿಲ್ಲ ಎಂದೆ.

“ಆಕಿಗರೆ ಹೇಳು. ನಿನ್ನ ಮಾತು ಕೇಳ್ತಾಳ.”

“ನಾ ಹೇಳಂಗಿಲ್ಲ ಸರ್. ನೀವೇ ಹೋಗಿ ಕೇಳ್ರಿ.”

ಕೇಳಿದರು. ಮುದುಕಿಗೆ ಅವರ ಕ್ಷಮೆ ಬೇಕಿರಲಿಲ್ಲ. ಕೊಡಂಬಲಕ್ಕೆ ಬಂದು, ತಂಗಿಯ ಮನೆಯಲ್ಲಿ, ಅಂದು ನೋಡಿದವರೆಲ್ಲರ ಮುಂದೆ, ಈಕೆಗೆ ಹುಚ್ಚಿರಲಿಲ್ಲ, ನಾನು ಹೀಗೆ ಮಾಡಿದೆ ಎಂದು ಹೇಳಬೇಕು. ಹೇಳಿದ ಮರುದಿನದಿಂದ ತಾನು ಬಾಕಿನ ಮೇಲೆ ಕೂರಲು ಬರುವುದಿಲ್ಲ. ವ್ಯಾಪಾರ ಕುದುರಿಸಿದ ಹಾಗೆ ಹೇಳಿದಳಂತೆ, ಚೌಕಾಸಿಗೆ ಜಾಗವಿಡದೆ. ಅವರು ಕೆಲವು ದಿನ ತಡೆದು ನೋಡಿ ಕೊನೆಗೆ ಒಪ್ಪಿದರು. ಔಷಧಿಯ ವಿಷಯ ಊರವರು ಕೇಳಿದರೆ ವಿವರಿಸಲು ನಾನೂ ಬರಬೇಕೆಂದು ಸೊಸೆ ಕರೆದಳು. ಕರೆಯದಿದ್ದರೂ ಹೋಗುತ್ತಿದ್ದೆ.

ಕೊಡಂಬಲದ ಮನೆ ತುಂಬಿತ್ತು. ಒಳಗೆ ಹೆಂಗಸರು, ಕಟ್ಟೆಯ ಮೇಲೆ ಗಂಡಸರು. ತಂಗಿಯ ಮಗ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ, ದೊಡ್ಡಮ್ಮನ ಮುಖ ನೋಡಲಿಲ್ಲ. ಡಾಕ್ಟರು ಹೊಸ್ತಿಲ ಹತ್ತಿರ ನಿಂತು ತಲೆ ತಗ್ಗಿಸಿ ಏನೋ ಹೇಳಿದರು. ಸೂಜಿ, ಹೆಚ್ಚು ಕಡಿಮೆ, ವಯಸ್ಸು ಎಂಬ ಮಾತುಗಳಷ್ಟೇ ಕೇಳಿದವು.

“ಜರಾ ಜೋರ್‌ಲೆ ಹೇಳ್ರಿ,” ಎಂದಳು ಮುದುಕಿ. “ಹಿಂದಿನವ್ರಿಗಿ ಕೇಳಸ್ವಲ್ದು.”

ಅವರು ಮತ್ತೆ ಹೇಳಿದರು. ಈ ಸಲ ಎಲ್ಲರಿಗೂ ಕೇಳಿಸಿತು. ಈಕೆಗೆ ಹುಚ್ಚಿರಲಿಲ್ಲ. ನನ್ನ ಸೂಜಿಯಿಂದ ತಲೆ ಕೆಟ್ಟಿತ್ತು. ಬೇಡವೆಂದು ತಿಳಿಸಿದ ಮೇಲೂ ಕೊಟ್ಟೆ.

ತಂಗಿಯ ಮಗ ಕಟ್ಟಿದ ಕೈ ಬಿಚ್ಚಿದ. ಒಳಗಿನಿಂದ ತಾನೇ ಒಂದು ತಂಬಿಗೆ ನೀರು ತಂದು ದೊಡ್ಡಮ್ಮನ ಮುಂದೆ ಹಿಡಿದ. ಅವಳು ನೀರು ಮುಟ್ಟಲಿಲ್ಲ. ತಂಗಿಯನ್ನು ಎಲ್ಲಿ ಕೂರಿಸಿದ್ದಿರಿ ಎಂದು ಕೇಳಿದಳು. ಅವನು ಗೋಡೆ ತೋರಿಸಿದ. ಮುದುಕಿ ನೋಯುವ ಮೊಣಕಾಲನ್ನು ಕೈಯಿಂದ ಮಡಚಿಕೊಂಡು ಆ ಗೋಡೆಯ ಎದುರು ನೆಲದ ಮೇಲೆ ಕೂತಳು, ಸೆರಗು ಮುಖಕ್ಕೆ ಒತ್ತಿಕೊಂಡಳು, ಅಳಲು ಶುರುಮಾಡಿದಳು. ಹಾಡಿಕೊಂಡು ಅಳುವ ಅಳು. ತಂಗಿ ಹುಟ್ಟಿದ್ದು, ತಾನು ಎತ್ತಿ ಆಡಿಸಿದ್ದು, ಇಬ್ಬರೂ ಒಂದೇ ತಾಟಿನಲ್ಲಿ ಉಂಡದ್ದು, ಒಂದೊಂದನ್ನೇ ಹೇಳಿ ಅಳುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕೂತು ದನಿ ಸೇರಿಸಿದರು.

ಡಾಕ್ಟರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಮಾತು ಮುಗಿಯಿತಲ್ಲ ಎಂಬಂತೆ, ಚಪ್ಪಲಿ ಮೆಟ್ಟಿಕೊಳ್ಳಲು ತಿರುಗಿದರು. ನಾನು ಮೆಟ್ಟಿಲ ಹತ್ತಿರವೇ ಇದ್ದೆ. ಅಡ್ಡ ನಿಂತೆ.

“ನಿಂದರ್ರಿ ಸರ್,” ಎಂದೆ. “ಆಕೀದು ಇನ್ನಾ ಮುಗದಿಲ್ಲ.”

ಅವರು ನಿಂತರು. ಬಿಸಿಲು ಕಟ್ಟೆ ಇಳಿಯುವ ತನಕ ನಿಂತೇ ಇದ್ದರು.